ಮೂವರು ವಾಗ್ಗೇಯಕಾರರೂ ಒಂದು ರೇಡಿಯೋವೂ

ಸೋಲುವುದಕ್ಕೂ ಅಭ್ಯಾಸ ಬೇಕು ಸ್ವಾಮಿ. ಅದು ಒಮ್ಮೆ ಮೈಗೆ ಹತ್ತಿತೋ, ಮನುಷ್ಯ ಹಾಯಾಗಿರುತ್ತಾನೆ. ಅವನಿಂದ ಯಾರೂ ಏನನ್ನೂ ಬಯಸುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಪ್ರತಿ ಭಾನುವಾರ ಮಧ್ಯಾಹ್ನ ತಪ್ಪದೆ ಸೋಲುತ್ತಿದ್ದೆ. ಸೋಲಿಸುತ್ತಿದ್ದವರು ನಮ್ಮ ಅತ್ತೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ನಾನೂ ಮಾವನವರೂ ಪೀಣ್ಯದ ಒಂದೇ ಕಾರ್ಖಾನೆಯಲ್ಲಿದ್ದೆವು. ಅವರು ಸ್ಟೋರ್ಸಿನಲ್ಲಿ, ನಾನು ಇನ್‌ಸ್ಪೆಕ್ಷನ್ನಿನಲ್ಲಿ. ಕಂಪನಿ ಕ್ವಾರ್ಟರ್ಸ್ ಸಿಗುವ ತನಕ ಅಂತ ಹೇಳಿ, ಹೆಂಡತಿ ಸರಳಾಳ ಜೊತೆ ಲಗ್ಗೆರೆಯ ಅತ್ತೆಮನೆಯಲ್ಲೇ ಬಿಡಾರ ಹೂಡಿದ್ದೆ. ಅತ್ತೆಯ ಕೈಯಡುಗೆ ಎಂಥದ್ದು ಅಂತ ಇಲ್ಲಿ ವರ್ಣಿಸಲು ಹೋದರೆ ಪ್ರಬಂಧ ಮುಂದಕ್ಕೆ ಹೋಗುವುದಿಲ್ಲ.

ಅತ್ತೆ ಸಂಗೀತದ ಟೀಚರು. ಭಾನುವಾರ ಊಟವಾದ ಮೇಲೆ ಅವರದೊಂದು ಆಟ. ಹಾಡು ಕಟ್ಟಿ ತಾವೇ ರಾಗ ಕೂಡಿಸಿದ ಮೂವರು ವಾಗ್ಗೇಯಕಾರರ ಹೆಸರು ಹೇಳುತ್ತಾರೆ. ಆ ಮೂವರ ನಡುವಿನ ಗುಟ್ಟಿನ ಸಂಬಂಧ ಯಾವುದೆಂದು ನಾವು ಊಹಿಸಬೇಕು. ಒಂದೊಂದು ಹೆಸರಿಗೂ ಭಕ್ತಿಯಿಂದ ಕಿವಿ ಮುಟ್ಟಿಕೊಳ್ಳಬೇಕು, ಅದು ಕಟ್ಟಳೆ. ಆ ಅಭ್ಯಾಸ ನನಗಿನ್ನೂ ಬಿಟ್ಟಿಲ್ಲ. ಅದಕ್ಕೇ ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಬರೆದರೆ ಕಿವಿಯೆಲ್ಲ ಮಸಿಯಾಗುತ್ತದೆ.

ಗೆದ್ದವರಿಗೆ ರಾತ್ರಿಯ ತನಕ ರೇಡಿಯೋ. ಯಾರೂ ಗೆಲ್ಲದಿದ್ದರೆ ಅತ್ತೆಗೇ. ಮನೆಗೆಲ್ಲ ಇದ್ದದ್ದು ಅದೊಂದೇ ರೇಡಿಯೋ, ಮತ್ತು ನನಗೆ ಕ್ರಿಕೆಟ್ ಹುಚ್ಚು. ಆದರೆ ಸಂಗೀತದಲ್ಲಿ ನನಗೆ ಶಿಫ್ಟ್ ಸೈರನ್ ಬಿಟ್ಟರೆ ಬೇರೆ ಸ್ವರದ ಗುರುತಿಲ್ಲ. ಮೊದಲನೇ ವಾರ, "ಮೂವರೂ ತೀರಿಕೊಂಡಿದ್ದಾರೆ" ಅಂದುಬಿಟ್ಟೆ. ಸರಳಾ ಚಿವುಟಿದ್ದು ಬುಧವಾರದ ತನಕ ಉರಿಯಿತು.

ನಾನು ಹೀಗೇ ಸೋಲುತ್ತಾ ಸಾಯುತ್ತಿದ್ದೆನೋ ಏನೋ, ಆದರೆ ಕಾರ್ಖಾನೆಯ ಅನ್ನ ನನ್ನ ಕೈಬಿಡಲಿಲ್ಲ. ನಮ್ಮ ಇನ್‌ಸ್ಪೆಕ್ಷನ್ನಿನಲ್ಲಿ ಒಂದು ಪದ್ಧತಿ ಇದೆ. ಒಂದು ರಾಶಿ ಮಾಲಿನ ಮೇಲೆಲ್ಲ ಒಂದೇ ಥರದ ಗೀರು ಬಂದಿದ್ದರೆ, ಹೊಸಬ ಮಾಲನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಹಳಬರು ಮಾಲು ಮುಟ್ಟುವುದೇ ಇಲ್ಲ; "ಮೆಷಿನ್ ಮೇಲೆ ಯಾರಿದ್ದ? ಬೆಳಿಗ್ಗೆ ಮನೇಲಿ ಜಗಳ ಆಡ್ಕೊಂಡು ಬಂದಿದ್ನಾ?" ಅಂತ ಕೇಳುತ್ತಾರೆ. ಅರೆ! ವಾಗ್ಗೇಯಕಾರರನ್ನು ಯಾಕೆ ನೋಡುತ್ತಿದ್ದೇನೆ, ಅತ್ತೆಯನ್ನು ನೋಡಬೇಕಲ್ಲವೆ? ಹಿಂದಿನ ವಾರಗಳನ್ನು ನೆನೆದುಕೊಂಡೆ. ನಲ್ಲಿಯಲ್ಲಿ ನೀರು ಬಾರದ ವಾರ ಉತ್ತರ, ಮೂವರೂ ಕಾವೇರಿ ತೀರದವರು. ಮನೆ ಓನರ್ ಹನುಮಂತಪ್ಪ ಬಾಡಿಗೆ ಏರಿಸಿದ ವಾರ, ಮೂವರಿಗೂ ಸ್ವಂತ ಮನೆ ಇರಲಿಲ್ಲ. ಸಾಕ್ಷಿಗೆ ಇನ್ನೇನು ಬೇಕು ಹೇಳಿ.

ಆ ಭಾನುವಾರ ಟೆಸ್ಟ್ ಪಂದ್ಯದ ಕೊನೆಯ ದಿನ. ನಮ್ಮವರು ಗೆಲ್ಲುವ ಅಂಚಿನಲ್ಲಿದ್ದರು. ನನ್ನ ಪ್ರಾಣ ಆ ರೇಡಿಯೋದ ಗುಂಡಿಯಲ್ಲಿತ್ತು. ಅತ್ತೆ ಬೆಳಿಗ್ಗೆಯಿಂದ ಸಿಡಿಮಿಡಿ ಅನ್ನುತ್ತಿದ್ದರು. ಮಜ್ಜಿಗೆ ಪಾತ್ರೆಯನ್ನು ಧಡ್ ಅಂತ ಇಟ್ಟರು. ಕೋಡುಬಳೆಯ ಆಸೆಗೆ ಹನುಮಂತಪ್ಪನೂ ಬಂದು ಕೂತ. ಅತ್ತೆ ಮೂರು ಹೆಸರು ಹೇಳಿದರು. ನಾಲ್ಕು ಜೊತೆ ಕೈ ಕಿವಿಗೆ ಹೋದವು.

"ಮೂವರೂ ಒಂದೇ ರಾಗದಲ್ಲಿ..." ಅಂತ ಮಾವ ಶುರು ಮಾಡಿದರು.

"ಅಲ್ಲ."

"ಅಂಕಿತ? ಗುರು?" ಅಂದಳು ಸರಳಾ.

"ಎರಡೂ ಅಲ್ಲ."

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಏನಾಗಿದೆ ಈ ಮನೆಯಲ್ಲಿ? ಹೊಳೆಯಿತು! ಪರವೂರಿಗೆ ಹೋಗಬೇಕಾಗುತ್ತದೆಂದು ಮಾವ ಪ್ರಮೋಷನ್ನನ್ನೇ ಬೇಡ ಅಂದುಬಿಟ್ಟಿದ್ದರಲ್ಲ! ಹರಿಕಥೆಯಲ್ಲಿ ಕೇಳಿದ್ದೆಲ್ಲ ಸರಸರನೆ ನೆನಪಿಗೆ ಬಂತು. ಎದ್ದು ನಿಂತು ಕೂಗಿದೆ: "ಮೂವರೂ ಬಂದ ಭಾಗ್ಯವನ್ನು ಬೇಡ ಅಂದವರು! ಒಬ್ಬರು ಅರಸನ ಉಡುಗೊರೆ ವಾಪಸು ಕಳಿಸಿದರು, ಒಬ್ಬರು ಮನೆಯ ಸಂಪತ್ತೆಲ್ಲ ಹಂಚಿ ಭಿಕ್ಷೆಗೆ ಹೊರಟರು, ಇನ್ನೊಬ್ಬರು ನಾಯಕನ ಪಟ್ಟ ಬಿಟ್ಟು ತಂಬೂರಿ ಹಿಡಿದರು!"

ಅತ್ತೆಯ ಕೈಯಲ್ಲಿದ್ದ ಕೋಡುಬಳೆ ಕೈಯಲ್ಲೇ ಉಳಿಯಿತು. "ಸರಿ ಉತ್ತರ" ಅಂದರು.

"ಅಂಗಾರೆ ನಾನೂ ಅವ್ರ ಜೊತೆಯೋನೇ ಬುಡಿ" ಅಂದ ಹನುಮಂತಪ್ಪ, "ಫ್ಯಾಕ್ಟ್ರಿಯೋರು ಇನ್ನೆಲ್ಡು ಎಕ್ರೆ ಕೇಳುದ್ರು, ಬ್ಯಾಡ ಅಂದ್ಬುಟ್ಟೆ."

ಅವನ ಮಾತು ಯಾರಿಗೆ ಬೇಕಿತ್ತು! ಮಹಾರಾಜನ ಹಾಗೆ ನಡೆದುಹೋಗಿ ರೇಡಿಯೋದ ಗುಂಡಿ ತಿರುಗಿಸಿದೆ. ಆಹಾ, ಆ ಗದ್ದಲ, ಆ ಚಪ್ಪಾಳೆ! ಕೊನೆಯ ವಿಕೆಟ್ ಬಿತ್ತು. ಪಂದ್ಯ ನಾವೇ ಗೆದ್ದೆವು. ಮೈದಾನದಲ್ಲಿದ್ದವರೆಲ್ಲ ನನಗೇ ಚಪ್ಪಾಳೆ ತಟ್ಟುತ್ತಿದ್ದಾರೆ ಅಂತಲೇ ತಿಳಿದುಕೊಂಡೆ. ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಗೆದ್ದ ಬಾಯಿ ಸುಮ್ಮನಿರುತ್ತದೆಯೆ?

"ಅತ್ತೆ, ನಿಮ್ಮ ಗುಟ್ಟು ಹಿಡಿದುಬಿಟ್ಟೆ" ಅಂದೆ. "ಮನೇಲಿ ನಡೆದದ್ದೇ ನಿಮ್ಮ ಪ್ರಶ್ನೆ. ಮಾವನ ಪ್ರಮೋಷನ್ ಮೇಲೆ ಕೋಪ ಅಲ್ವಾ?"

ಅತ್ತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. "ಇವರದು ಹಳೇ ಕಥೆ ಅಳಿಯಂದ್ರೇ, ಅದಕ್ಕೆ ಕೋಪ ಮಾಡ್ಕೊಂಡು ಮುಗಿಸಿಯೂ ಆಯ್ತು. ನಿನ್ನೆ ಸ್ಟೋರ್ಸಿನಿಂದ ಇವರು ಹೊಸ ಸುದ್ದಿ ತಂದರು. ನಿಮಗೆ ಹೋದ ತಿಂಗಳೇ ಕ್ವಾರ್ಟರ್ಸ್ ಬಂದಿತ್ತಂತೆ. ನೀವು ಬೇಡ ಅಂದ್ರಂತೆ?"

ಮಾವ ಚಾವಣಿ ನೋಡತೊಡಗಿದರು. ಸೊಸೆಯಂತೆ ಅತ್ತೆಗೆ ಹೆದರುತ್ತಿದ್ದ ನಾನು, ಈಗ ಹೆದರಬೇಕಾದದ್ದು ಅವರ ಮಗಳಿಗೆ ಅಂತ ಆಗಷ್ಟೇ ಅರಿತೆ. ಸ್ವಂತ ಅಡುಗೆಮನೆಗೆ ಬಣ್ಣ ಯಾವುದೆಂದು ಆರು ತಿಂಗಳಿಂದ ಯೋಚಿಸುತ್ತಿದ್ದ ಸರಳಾ ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಯಾಕ್ರೀ ಬೇಡ ಅಂದ್ರಿ?"

ಅಡುಗೆಮನೆಯಿಂದ ಸಂಜೆಗೆಂದು ಕುದಿಯುತ್ತಿದ್ದ ಹುಳಿಯ ವಾಸನೆ ಬಂತು. ಅದೇ ಉತ್ತರ. ಯಾರ ಹೆಸರನ್ನೂ ಯಾರೂ ಹೇಳಿರಲಿಲ್ಲ, ಆದರೂ ನನ್ನ ಎರಡೂ ಕೈ ತಾವಾಗಿಯೇ ಎರಡೂ ಕಿವಿಗೆ ಹೋದವು.