ಎಲ್‌ವುಡ್ ಗುಡ್ಡ ಹತ್ತಿದ ಭಾನುವಾರ

ಭಾನುವಾರ ಬೆಳಿಗ್ಗೆ ಎಲ್‌ವುಡ್ ಶೆಡ್ಡಿನ ಬಾಗಿಲು ತೆರೆದಾಗ ಅವನ ಬೈಕಿನ ದಾರ ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಪಕ್ಕದಲ್ಲೇ ಮುದಿ ನಾಯಿ ಬಿಸ್ಕಿಟ್, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಚೀಪಿ ಮುಗಿಸಿ, ಗೊರಕೆ ಹೊಡೆಯುತ್ತಿತ್ತು.

ವರ್ಷಕ್ಕೊಮ್ಮೆ ನಡೆಯುವ ಗುಡ್ಡ ಹತ್ತುವ ಪಂದ್ಯದಲ್ಲಿ ಬೈಕಿಗೆ ಆ ದಾರವೇ ಕಾವಲು. ಒಂದು ತುದಿ ಸವಾರನ ಮಣಿಕಟ್ಟಿಗೆ, ಇನ್ನೊಂದು ಬೈಕಿನ ಪಿನ್ನಿಗೆ. ಸವಾರ ಬಿದ್ದರೆ ಪಿನ್ ಕಿತ್ತು ಬಂದು ಎಂಜಿನ್ ಆರಬೇಕು. ದಾರವಿಲ್ಲದೆ ಹೋದವನನ್ನು ಬುಡದಲ್ಲೇ ತಡೆದು ಮನೆಗೆ ಕಳಿಸುತ್ತಾರೆ.

"ಬಿಸ್ಕಿಟ್ ಕಚ್ಚಿರಬೇಕು," ಎಂದಳು ಹೆಂಡತಿ ಡೋರಿಸ್, ಬಾಗಿಲಲ್ಲಿ ನಿಂತು. "ಈ ವರ್ಷ ಬಿಟ್ಟುಬಿಡು. ಆರಾಮಾಗಿ ಕೂತ್ಕೊಂಡು ಸೂಪ್ ಕುಡಿ."

"ಬಿಡೋದಾ? ಒಂದೇ ಒಂದು ಸಲ ತುದಿ ದಾಟ್ತೀನಿ ಡೋರಿಸ್. ಆಮೇಲೆ ಬೈಕ್ ಮಾರಿಬಿಡ್ತೀನಿ."

ಈ ಮಾತನ್ನು ಅವನು ಮೊದಲು ಆಡಿದ್ದು ಮದುವೆಯಾದ ಹೊಸತರಲ್ಲಿ. ಆ ವರ್ಷವೇ ತುದಿ ದಾಟುತ್ತೇನೆಂಬ ಧೈರ್ಯ ಆಗ ಇತ್ತು. ಈಗ ಮಕ್ಕಳ ಮದುವೆಯೂ ಆಗಿದೆ, ಗುಡ್ಡ ಮಾತ್ರ ಹಾಗೇ ಇದೆ. ವಾರವಿಡೀ ಶಾಲೆಯ ಬಸ್ಸನ್ನು ಆಮೆಯ ಹಾಗೆ ಓಡಿಸುವ ಎಲ್‌ವುಡ್‌ಗೆ ಆ ಬೈಕೊಂದೇ ಬದುಕಿನ ಖುಷಿ. ಡೋರಿಸ್‌ಗೆ ಆ ಬೈಕೆಂದರೆ ಮುರಿದ ಪಕ್ಕೆಲುಬು, ಆಸ್ಪತ್ರೆಯ ಕಾರಿಡಾರು, ಒಗೆದಷ್ಟೂ ಬಿಡದ ಕೆಮ್ಮಣ್ಣು.

ಗುಡ್ಡದ ಬುಡದಲ್ಲಿ ಪೆನ್ಸಿಲ್ವೇನಿಯಾದ ಆ ಮೂಲೆಯ ಜನವೆಲ್ಲ ಸೇರಿತ್ತು. ಚರ್ಚಿನ ಹೆಂಗಸರು ಕೋಳಿ-ಜೋಳದ ಸೂಪಿನ ಹಂಡೆ ಇಟ್ಟಿದ್ದರು. ಡೋರಿಸ್ ಅಲ್ಲಿ ಸೌಟು ಹಿಡಿದಳು. ದಾರ ಹೋದ ಸುದ್ದಿ ಎಲ್‌ವುಡ್‌ಗಿಂತ ಮುಂಚೆಯೇ ಅಲ್ಲಿಗೆ ಬಂದು ಮುಟ್ಟಿತ್ತು. ಹಸು ಸಾಕುವ ಕ್ಲೇಟನ್ ಕರುವಿನ ಕೊರಳಿನ ಹಗ್ಗವನ್ನೇ ಬಿಚ್ಚಿ ತಂದಿದ್ದ.

"ಇದು ಗಿಡ್ಡ ಆಗಲ್ವೇನೋ?" ಎಂದ ಎಲ್‌ವುಡ್.

"ಗಿಡ್ಡ ಇದ್ರೇನೇ ಕ್ಷೇಮ ಮಾರಾಯಾ! ನನ್ನ ಕರು ಒಂದು ದಿನವಾದ್ರೂ ತಪ್ಪಿಸ್ಕೊಂಡಿದ್ಯಾ?"

ಎಲ್‌ವುಡ್ ಹೊರಟ. ಅಂಥ ಸವಾರಿಯನ್ನು ಅವನು ಜನ್ಮದಲ್ಲೇ ಮಾಡಿರಲಿಲ್ಲ. ಮೊದಲ ದಿಣ್ಣೆ ದಾಟಿದ, ಬಂಡೆಯ ಸಾಲು ದಾಟಿದ, ಪ್ರತಿ ವರ್ಷ ಅವನನ್ನು ಉರುಳಿಸುತ್ತಿದ್ದ ಕೊರಕಲನ್ನೂ ಹಾರಿದ. ತುದಿಯ ಆಚೆಯ ಆಕಾಶ ಕಂಡಿತು. ಇನ್ನು ಕೊನೆಯ ಏರು. ಬೈಕಿನ ಮೂತಿ ಏಳದಿರಲೆಂದು ಅವನು ಎದ್ದು ಮುಂದಕ್ಕೆ ಬಾಗಿದ. ಕರುವಿನ ಹಗ್ಗ ಬಿಗಿದು ಪಿನ್ ಟಪ್ಪೆಂದು ಕಿತ್ತುಬಂತು. ಎಂಜಿನ್ ಆರಿತು. ಬೈಕೂ ಅವನೂ ಹಿಂದಕ್ಕೆ ಜಾರತೊಡಗಿದಾಗ, ಬೀಳುವವರನ್ನು ಹಿಡಿಯಲೆಂದೇ ಇಳಿಜಾರಿನಲ್ಲಿ ನಿಲ್ಲುವ ಆಳುಗಳು ಓಡಿಬಂದು ಇಬ್ಬರನ್ನೂ ತಡೆದರು.

"ಅಯ್ಯೋ, ಇನ್ನೇನು ದಾಟಿಬಿಡ್ತಿದ್ದೆ!" ಎಂದು ಬುಡದಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು. ಎಲ್‌ವುಡ್‌ಗೆ ಅಳು ಬಂದಿತ್ತು. ಬೆನ್ನು ತಟ್ಟಿದ್ದರಿಂದ ಅದು ಇನ್ನಷ್ಟು ಹೆಚ್ಚಾಯಿತು.

ಸೂಪಿನ ಹಂಡೆಯ ಹತ್ತಿರ ಡೋರಿಸ್ ಮಾತ್ರ ಸೌಟು ಕೈಯಲ್ಲೇ ಹಿಡಿದು ಗುಡ್ಡದ ತುದಿಯನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಸೌಟು ಕೆಳಗಿಟ್ಟು ಮನೆಗೆ ಹೋದಳು. ತಿರುಗಿ ಬರುವಾಗ ಅವಳ ಕೈಯಲ್ಲಿ ಹಿತ್ತಲಿನ ಬಟ್ಟೆ ಒಣಹಾಕುವ ಹಗ್ಗವಿತ್ತು.

"ತಗೋ. ಇದು ಉದ್ದ ಇದೆ. ಇನ್ನೊಂದು ಸರದಿ ಇದೆಯಲ್ಲ, ಹತ್ತು."

ಮದುವೆಯಾದಾಗಿನಿಂದ ಡೋರಿಸ್ ಬಾಯಿಂದ "ಹತ್ತು" ಎಂಬ ಮಾತನ್ನು ಎಲ್‌ವುಡ್ ಕೇಳಿದ್ದು ಅದೇ ಮೊದಲು. ಅವನ ಕಣ್ಣು ಮತ್ತೆ ತುಂಬಿತು. ಈ ಸಲ ಪಿನ್ ಸಡಿಲವಾಗಬಾರದೆಂದು ಕ್ಲೇಟನ್ ಅದಕ್ಕೆ ಹಸುವಿನ ಕೆಚ್ಚಲಿಗೆ ಸವರುವ ಅಂಟುಮುಲಾಮು ಮೆತ್ತಿ, ಮೇಲೆ ಟೇಪು ಸುತ್ತಿದ. ಹಾಗೆ ಮಾಡೆಂದು ಯಾರೂ ಅವನನ್ನು ಕೇಳಿರಲಿಲ್ಲ.

ಎರಡನೇ ಸರದಿ. ದಿಣ್ಣೆ, ಬಂಡೆ, ಕೊರಕಲು ಎಲ್ಲವೂ ಸಲೀಸು. ಕೊನೆಯ ಏರಿನಲ್ಲಿ ಬೈಕು ಕುಲುಕಿತು, ಎಲ್‌ವುಡ್ ಬಿದ್ದ. ಬೈಕು ನಿಲ್ಲಲಿಲ್ಲ. ಹೆಚ್ಚಾದ ಹಗ್ಗ ಹ್ಯಾಂಡಲಿನ ಹಿಡಿಗೆ ಸುತ್ತಿಕೊಂಡು ಆಕ್ಸಿಲರೇಟರನ್ನು ಬಿಗಿಹಿಡಿದಿತ್ತು. ಟೇಪು ಸುತ್ತಿದ ಪಿನ್ ಅಲ್ಲಾಡಲಿಲ್ಲ. ಬೈಕು ಹತ್ತುತ್ತಲೇ ಹೋಯಿತು, ಹಿಂದೆ ಮಣಿಕಟ್ಟಿನಿಂದ ನೇತಾಡುತ್ತಾ ಎಲ್‌ವುಡ್ ತನ್ನ ಹೊಟ್ಟೆಯ ಮೇಲೆ ಜಾರಿಕೊಂಡು ಹೋದ. ಹಿಡಿಯುವ ಆಳೊಬ್ಬ ಹಾರಿ ಅವನ ಕಾಲು ಹಿಡಿದ. ಆಳಿನ ಕೈಯಲ್ಲಿ ಬೂಟು ಉಳಿಯಿತು, ಮಿಕ್ಕಿದ್ದೆಲ್ಲ ತುದಿ ದಾಟಿತು.

ಜನ ಹೋ ಎನ್ನುತ್ತಾ ಮೇಲಕ್ಕೆ ಓಡಿಬಂದರು. ಯಾರು ಎಷ್ಟು ಎತ್ತರ ಹತ್ತಿದರೆಂದು ಅಳೆಯಲು ತುದಿಯಲ್ಲೇ ಇದ್ದ ಮುದುಕಿ ಮಿರಿಯಮ್ ಊರುಗೋಲು ಹಿಡಿದು ಬಂದರು. ಅಷ್ಟರಲ್ಲಿ ಡೋರಿಸ್ ಹಿಂದಿನ ದಾರಿಯಿಂದ ಏದುಸಿರು ಬಿಡುತ್ತಾ ಮೇಲೆ ಬಂದು ಗಂಡನ ಮುಖದ ಕೆಸರು ಒರೆಸಿದಳು.

"ಏಟು ಬಿತ್ತೇನೋ? ಇಲ್ವಾ? ಸರಿ. ತುದಿ ದಾಟಿದೆಯಲ್ಲ, ಬೈಕ್ ಯಾರಿಗೆ ಕೊಡ್ತೀಯ?"

ಎಲ್‌ವುಡ್‌ನ ನಗು ಅಲ್ಲೇ ನಿಂತಿತು.

"ಮಿರಿಯಮ್, ನಾನು ದಾಟಿಲ್ಲ! ಬೈಕು ದಾಟಿದ್ದು. ನನ್ನನ್ನ ಎಳ್ಕೊಂಡು ಬಂತು ಅಷ್ಟೇ!"

"ಎಂಥಾ ವಿನಯ ನೋಡ್ರೋ!" ಎಂದು ಕ್ಲೇಟನ್ ಎಲ್ಲರ ಕಡೆ ತಿರುಗಿದ. "ಇಷ್ಟು ವರ್ಷ ಒದ್ದಾಡಿದ್ದಾನೆ, ಆದ್ರೂ ಹೊಗಳಿಕೆ ಬೇಡ ಅಂತಾನೆ. ನಾವು ಬಿಡ್ತೀವಾ?"

"ಬಿಡಲ್ಲ!" ಎಂದಿತು ಜನ.

"ಬಿಡಿ ಅಂತೀನಿ!" ಎಂದು ಎಲ್‌ವುಡ್ ಕಿರುಚಿದ.

ಮಿರಿಯಮ್ ಊರುಗೋಲು ಎತ್ತಿದರು. "ಸುಮ್ನಿರಿ. ಸವಾರನೂ ಬೈಕೂ ಎಲ್ಲಿ ಬೇರೆಯಾಗ್ತಾರೋ ಅಲ್ಲಿಗೇ ಅಳತೆ. ಅಪ್ಪನ ಕಾಲದಿಂದ ಇರೋ ನಿಯಮ. ಹಗ್ಗ ಅವನ ಕೈಯಲ್ಲಿದೆ, ಇನ್ನೊಂದು ತುದಿ ಬೈಕಲ್ಲಿದೆ. ಎಲ್ಲಿ ಬೇರೆಯಾದರು? ದಾಟಿದ್ದಾನೆ."

ಜನ ಎಲ್‌ವುಡ್‌ನನ್ನು ಹೆಗಲ ಮೇಲೆ ಹೊತ್ತು ಇಳಿದರು. ಒಂದೇ ಬೂಟಿನಲ್ಲಿ ಅಷ್ಟು ದುಃಖಿಯಾದ ವಿಜಯಿಯನ್ನು ಆ ಗುಡ್ಡ ಕಂಡಿರಲಿಲ್ಲ. ಬೈಕನ್ನು ಕ್ಲೇಟನ್ ಅಲ್ಲೇ ಕೇಳಿ ಕೊಂಡುಕೊಂಡ. "ತಾನಾಗೇ ಹತ್ತೋ ಬೈಕು ಇನ್ನೆಲ್ಲಿ ಸಿಗತ್ತೆ?" ಎಂದ.

ಸಂಜೆ ಎಲ್‌ವುಡ್ ಖಾಲಿ ಶೆಡ್ಡಿನ ಹೊಸ್ತಿಲಲ್ಲಿ ಕೂತಿದ್ದ. ಎದೆಯೊಳಗೂ ಶೆಡ್ಡಿನಷ್ಟೇ ಖಾಲಿ. ಎಲ್ಲಕ್ಕೂ ಮೂಲವಾದ ಬಿಸ್ಕಿಟ್ ಪಕ್ಕಕ್ಕೆ ಬಂದು ಬಾಯಿ ತೆರೆದು ಆಕಳಿಸಿತು. ಬೈಯಲು ಹೊರಟ ಎಲ್‌ವುಡ್ ಆ ಬಾಯೊಳಗೆ ಬಗ್ಗಿ ನೋಡಿದ. ಒಸಡು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಅವನು ದಾರದ ತುಂಡುಗಳನ್ನು ಎತ್ತಿ ಬೆಳಕಿಗೆ ಹಿಡಿದ. ತುಂಡಾದ ಜಾಗ ಕತ್ತರಿ ಆಡಿಸಿದಷ್ಟು ನೀಟಾಗಿತ್ತು.

"ಡೋರಿಸ್..."

ಹಿತ್ತಲಲ್ಲಿ ಡೋರಿಸ್ ಹಗ್ಗವನ್ನು ಮತ್ತೆ ಕಂಬಕ್ಕೆ ಕಟ್ಟಿ, ಅವನ ಒಗೆದ ಅಂಗಿಯನ್ನು ಅದರ ಮೇಲೆ ಹರವುತ್ತಿದ್ದಳು. ತಿರುಗಿ ನೋಡಲಿಲ್ಲ.

"ಬೆಳಿಗ್ಗೆ ನೀನು ಹೋಗಬಾರದು ಅಂತ ಕತ್ತರಿಸಿದೆ. ಮೊದಲನೇ ಸರದಿ ನೋಡಿದ ಮೇಲೆ, ಹತ್ತಿಸಿಬಿಡೋದೇ ವಾಸಿ ಅನ್ನಿಸ್ತು."

ಎಲ್‌ವುಡ್ ದಾರದ ತುಂಡನ್ನು ಬಿಸ್ಕಿಟ್ ಮುಂದೆ ಎಸೆದ. ಅದು ಮೂಸಿ ನೋಡಿ, ಇದನ್ನು ಅಗಿಯುವ ಕಾಲ ಎಂದೋ ಮುಗಿಯಿತೆಂಬಂತೆ ಮುಖ ತಿರುಗಿಸಿ ಮಲಗಿತು.