ಕೌಲ್ ಬಜಾರಿನಲ್ಲಿ ಸಿಂಗಾಪುರ

ಪರದೇಶದಲ್ಲಿ ಪ್ರವಾಸಿಗರು ಹೇಗೆ ಜೋಪಾನವಾಗಿರಬೇಕು ಎಂಬ ವಿಷಯದಲ್ಲಿ ನಮ್ಮ ಸೀಮೆಯಲ್ಲಿ ನನ್ನ ಸೋದರಮಾವನನ್ನು ಮೀರಿಸುವವರಿಲ್ಲ. ಅವರು ಇದುವರೆಗೆ ಒಂದೇ ಒಂದು ಪರದೇಶಕ್ಕೂ ಹೋಗಿಲ್ಲ ಎನ್ನುವುದು ಸಣ್ಣ ಮಾತು! ಸಿರಿಗೇರಿಯ ಈ ಮಹಾನುಭಾವರ ಭೂಗೋಳ ಗಡಿ ದಾಟಿದರೆ ಸಿಗುವ ಆಂಧ್ರದ ಆದೋನಿಯಲ್ಲಿ ಮುಗಿಯುತ್ತದೆ. ಅಲ್ಲಿಗೂ ಹೋದದ್ದು ಹತ್ತಿ ಮಾರುವುದಕ್ಕೆ. ಬಂದ ಮೇಲೆ ಕಟ್ಟೆಯ ಮೇಲೆ ಕೂತು ಹೇಳಿದ್ದೇನು ಗೊತ್ತೆ? "ಹೊರದೇಶದ ಮಂದಿ ಬಾಳ ಜೋರು ಅದಾರಪ್ಪ, ನಮ್ಮ ಹುಷಾರಿನಾಗ ನಾವಿರಬೇಕು!"

ಯಾರೋ ಎಲ್ಲಿಗೋ ಹೊರಟರೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮಾವ ಕರೆಯದಿದ್ದರೂ ಹೋಗುತ್ತಾರೆ. ನೀರು ಎಲ್ಲಿ ಕುಡಿಯಬೇಕು, ದುಡ್ಡು ಎಲ್ಲಿ ಬದಲಾಯಿಸಬೇಕು, ಪೊಲೀಸರ ಹತ್ತಿರ ಯಾವ ಮುಖ ಮಾಡಿಕೊಂಡು ಹೋಗಬೇಕು, ಎಲ್ಲಕ್ಕೂ ಅವರಲ್ಲಿ ಉತ್ತರವಿದೆ. ಕುರುಗೋಡಿನ ನಮ್ಮ ಬೀಗರ ಕಡೆಯ ಹಿರಿಯರು ಕಾಶಿಗೆ ಹೋದವರು ಹಾಗೇ ಕಠ್ಮಂಡುವಿಗೂ ಹೋಗಿ ಬಂದರು. ಮಾವನ ಅಪ್ಪಣೆಯಂತೆ ಅಲ್ಲಿನ ಬಜಾರಿನಲ್ಲಿ ಅಷ್ಟೂ ಜನ ಒಂದೇ ಹಗ್ಗ ಹಿಡಿದು ಸಾಲಾಗಿ ನಡೆದರಂತೆ! ಅಲ್ಲಿನ ಪೊಲೀಸಪ್ಪ, ಇವರಲ್ಲಿ ಕೈದಿಗಳು ಯಾರು, ಕಾವಲಿನವರು ಯಾರು ಎಂದು ತಿಳಿಯದೆ ಚೌಕದವರೆಗೂ ಹಿಂದೆಯೇ ಬಂದನಂತೆ. ಊರಿಗೆ ಬಂದ ಹಿರಿಯರು ಮಾವನ ಮೇಲೆ ಹರಿಹಾಯ್ದರು. ಮಾವ ಕೇಳಿದ್ದು ಒಂದೇ ಪ್ರಶ್ನೆ: "ಒಬ್ರರ ಕಳದ್ರೇನು? ಇಲ್ಲಲ್ಲ? ಮತ್ತ!"

ಇನ್ನು ಅವರ ಜೇಬು. ಕಳ್ಳರ ಕೈಗೆ ಸಿಗಬಾರದೆಂದು ಬನೀನಿನ ಒಳಗಡೆ ಎದೆಯ ಮೇಲೆ ಒಂದು ಜೇಬು ಹೊಲಿಸಿ, ಅದರ ಬಾಯಿಗೆ ಗುಂಡಿ ಹಾಕಿಸಿದ್ದಾರೆ. ಮೊಬೈಲೂ ಅದರಲ್ಲೇ. ಕಳ್ಳನ ಮಾತಿರಲಿ, ಸ್ವತಃ ಮಾವನಿಗೇ ಅಂಗಿ ಬಿಚ್ಚದೆ ಅದು ಸಿಗುವುದಿಲ್ಲ! ಫೋನು ಬಂದರೆ ಅವರ ಎದೆ ಗುಂಯ್‌ಗುಡುತ್ತದೆ, ಬಸ್ಸಿನಲ್ಲಿ ಪಕ್ಕ ಕೂತವರು ಗಾಬರಿಯಾಗಿ ಎದ್ದು ನಿಲ್ಲುತ್ತಾರೆ.

ಇಂಥವರ ಮುಂದೆ ನಾನು ಅರ್ಜಿದಾರಳಾಗಿ ನಿಲ್ಲಬೇಕಾಗಿ ಬಂತು. ನಾನು ಯಾರು? ನಮ್ಮ ಹಳ್ಳಿ ಕರೂರಿನಿಂದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಸಿರುಗುಪ್ಪದ ಕಾಲೇಜಿಗೆ ಹೋಗಿ, ನಮ್ಮ ವಂಶದಲ್ಲೇ ಮೊದಲ ಡಿಗ್ರಿ ತಂದವಳು. ಈಗ ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ, ಅವ್ವನನ್ನೂ ಜೊತೆಗೆ ಇಟ್ಟುಕೊಂಡಿದ್ದೇನೆ. ಸಹೋದ್ಯೋಗಿ ಗೆಳತಿಯರ ಜೊತೆ ರಜೆಯಲ್ಲಿ ಸಿಂಗಾಪುರಕ್ಕೆ ಹೊರಟೆ. ನಮ್ಮ ಮನೆಯಿಂದ ವಿಮಾನ ಹತ್ತುವವಳೂ ನಾನೇ ಮೊದಲು! ಅವ್ವ ಮಾತ್ರ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಂದೇ ಮಾತು ಹೇಳಿದಳು: "ಅಣ್ಣ ಹ್ಞೂಂ ಅಂದ್ರ ಹೋಗು."

ಪಾಸ್‌ಪೋರ್ಟನ್ನು ಸರ್ಕಾರ ಕೊಟ್ಟಿತು. ವೀಸಾವನ್ನು ಸಿಂಗಾಪುರ ಕೊಟ್ಟಿತು. ಏಳನೇ ಕ್ಲಾಸು ಫೇಲಾದ ಮಾವ ಮಾತ್ರ ಇನ್ನೂ ಪರಿಶೀಲಿಸುತ್ತಿದ್ದರು!

"ಸುಮ್ನ ಹ್ಞೂಂ ಅನ್ನಾಕ ಬರಂಗಿಲ್ಲ," ಎಂದರು, ಸುದ್ದಿ ತಿಳಿದು ಬಳ್ಳಾರಿಯ ನಮ್ಮ ಮನೆಗೆ ಬಂದಿಳಿದ ಮಾವ. "ಮೊದ್ಲು ಇಲ್ಲೇ ಬಳ್ಳಾರಿ ಕೌಲ್ ಬಜಾರಿನಾಗ ಒಂದು ಟ್ರಯಲ್ ನೋಡೂಣು. ಅದ ಸಿಂಗಾಪುರ ಅಂತ ತಿಳ್ಕ. ಕನ್ನಡದಾಗ ಒಂದು ಮಾತು ಆಡಬಾರದು."

ಎಂಥ ಗತಿ ನೋಡಿ! ಆಟೋ ನಿಲ್ಲಿಸಿ ನಾನು ಇಂಗ್ಲಿಷಿನಲ್ಲಿ ಬಾಡಿಗೆ ಕೇಳಿದೆ. ಕನ್ನಡ ಆಡದವರೆಲ್ಲ ತೆಲುಗಿನವರೇ ಎಂದು ನಂಬಿದ ಆಟೋದವನು ಎಲ್ಲಿಗೆಂದು ತೆಲುಗಿನಲ್ಲೇ ಕೇಳಿದ: "ಎಕ್ಕಡಿಕಿ ಮೇಡಂ?" ಮಾವನಿಗೆ ಪರದೇಶವೇ ಕಣ್ಣಿಗೆ ಕಂಡಷ್ಟು ಖುಷಿ! ನಾನು ಮತ್ತೆ ಇಂಗ್ಲಿಷಿನಲ್ಲೇ ತಡವರಿಸಿದ್ದನ್ನು ನೋಡಿ ಅವನು ಮಾವನ ಕಡೆ ತಿರುಗಿದ.

"ಯಜಮಾನ್ರ, ಆಯಮ್ಮಗ ಕನ್ನಡ ಬರಂಗಿಲ್ಲೇನ್ರಿ?"

"ಇವತ್ತು ಬರಂಗಿಲ್ಲ," ಎಂದರು ಮಾವ ಗಂಭೀರವಾಗಿ.

ಮುಂದಿನ ಪರೀಕ್ಷೆ ಔಷಧಿ ಅಂಗಡಿ. ಪರದೇಶದಲ್ಲಿ ಹೊಟ್ಟೆನೋವು ಬಂದರೆ ಭಾಷೆಯಿಲ್ಲದೆ ಹೇಗೆ ಹೇಳುವುದು? ಹೊಟ್ಟೆ ಹಿಡಿದೆ, ಮುಖ ಕಿವುಚಿದೆ, ಕಣ್ಣು ಮೇಲೆ ಮಾಡಿದೆ. ಕೌಂಟರಿನ ಹಿಂದಿನ ಹುಡುಗಿ ಬೆಪ್ಪಾಗಿ ನೋಡುತ್ತಾ ಎದ್ದು ನಿಂತಳು. "ನಮಸ್ಕಾರ್ರಿ ಮೇಡಂ, ನಾ ನಿಮ್ಮ ಸ್ಟೂಡೆಂಟು! ಯಾಕ್ರಿ, ಬಾಯಾಗ ಹುಣ್ಣಾಗ್ಯಾವೇನ್ರಿ?" ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವಳು ಕೊಟ್ಟ ಹುಣ್ಣಿನ ಮುಲಾಮನ್ನು ಹಿಡಿದುಕೊಂಡು ಹೊರಗೆ ಬಂದರೆ ಮಾವನದು ತೀರ್ಪು: "ಹೊಟ್ಟಿ ಕೆಳಗೈತಿ, ನೀ ಬಾಯಿ ಬಾಳ ಕುಣಿಸಿದಿ."

ಸಿಟ್ಟಿನಿಂದ ದಾಪುಗಾಲು ಹಾಕಿದೆ. ಬಜಾರಿನ ಜನಜಂಗುಳಿಯಲ್ಲಿ ಒಂದಷ್ಟು ದೂರ ಬಂದು ಹಿಂದೆ ತಿರುಗಿದರೆ ಮಾವ ಇಲ್ಲ! ಫೋನು ಮಾಡಿದೆ, ಎತ್ತಲಿಲ್ಲ. ಮನೆಗೇ ಹೋಗಿರಬೇಕೆಂದು ನಾನೂ ಮನೆಗೆ ಬಂದೆ. ಅಲ್ಲೂ ಇಲ್ಲ. ಅವ್ವನ ಮುಖದ ಬಣ್ಣವೇ ಹೋಯಿತು. "ಎಲ್ಲಿ ಬಿಟ್ಟು ಬಂದಿ? ಅಲ್ಲೇ ಇರ್ತಾನ, ಹೋಗು. ಓಡು!"

ಅಲ್ಲೇ ಇದ್ದರು. ಔಷಧಿ ಅಂಗಡಿಯ ಪಕ್ಕದ ಬಳೆ ಅಂಗಡಿಯ ಮುಂದೆ, ಸುಡು ಬಿಸಿಲಿನಲ್ಲಿ, ನೆಟ್ಟ ಕಂಬದ ಹಾಗೆ. ನಾನು ಮಾಡುತ್ತಿದ್ದ ಕರೆ ಅವರ ಎದೆಯಲ್ಲಿ ಗುಂಯ್‌ಗುಡುತ್ತಿತ್ತು.

"ಆಗಿನಿಂದ ಹಿಂಗ ನಿಂತಾರ ನೋಡ್ರಿ," ಎಂದ ಬಳೆಯವನು. "ನೆಳ್ಳಿಗೆ ಬರ್ರಿ ಅಂದ್ರ ಬರವಲ್ರು, ಫೋನ್ ಎತ್ರಿ ಅಂದ್ರ ಎತ್ತವಲ್ರು."

"ಯಾಕ ಮಾವ?"

"ಹೆಣ್ಮಕ್ಳು ಬಳಿ ಇಡಿಸ್ಕೊಳ್ಳಾಕತ್ತಾರ. ಅವ್ರ ಮುಂದ ಅಂಗಿ ಬಿಚ್ಲೇನು?"

"ಸಂದ್ಯಾಗ ಹೋಗಿ ಬಿಚ್ಚಬೇಕಿತ್ತು!"

"ಜಾಗ ಬಿಟ್ಟು ಹೋಗಿದ್ರ ನೀ ನನ್ನ ಎಲ್ಲಿ ಹುಡುಕ್ತಿದ್ದಿ?"

"ದಿನಾ ತಿರುಗಾಡೋ ಬಳ್ಳಾರ್‍ಯಾಗ ನಾನ್ಯಾಕ ಕಳೀಲಿ ಮಾವ?" ಎಂದು ರೇಗಿದೆ. ಅವರು ಬಳೆ ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ಹಿಂದೆಯೇ ಆಟೋ ಹತ್ತಿದರು.

ಮನೆಗೆ ಬಂದು ಇದನ್ನೆಲ್ಲ ನಗೆಯಾಡುತ್ತಾ ಅವ್ವನಿಗೆ ಹೇಳಿದೆ. ಮಾವ ಪಡಸಾಲೆಯಲ್ಲಿ ನೀರು ಕುಡಿಯುತ್ತಿದ್ದರು. ಅವ್ವ ನಗಲಿಲ್ಲ. ದನಿ ತಗ್ಗಿಸಿ ಹೇಳಿದಳು:

"ಅಣ್ಣ ನನ್ನ ಕಳಕೊಂಡಿದ್ದು ಅದ ಬಜಾರಿನಾಗ. ನಾ ಸಣ್ಣಾಕಿ, ಬಳಿ ಇಡಿಸಾಕ ಕರ್ಕೊಂಡು ಬಂದಿದ್ದ. ಗದ್ದಲದಾಗ ಕೈ ಬಿಡ್ತು. ಅವ ನನ್ನ ಹುಡುಕ್ಕೊಂತ ಹೋದ. ನಾ ಅಳಕೊಂತ ತಿರುಗಿ ಅಂಗಡಿ ಮುಂದ ಬಂದ್ರ ಅವ ಇಲ್ಲ. ನಾ ಹೋದ ಮ್ಯಾಗ ಅವ ಬಂದ. ಹೊತ್ತು ಮುಳುಗೋ ಮಟ ಹಿಂಗ. ಸಿಕ್ಕ ಮ್ಯಾಗ ನಾ ಅತ್ತಿದ್ದಕ್ಕಿಂತ ಅವನ ಜಾಸ್ತಿ ಅತ್ತ."

ಪಡಸಾಲೆಯಲ್ಲಿ ಮಾವ ಚೊಂಬು ಕೆಳಗಿಟ್ಟರು. "ಹೋಗಿ ಬರ್ಲಿ ಬಿಡಬೇ," ಎಂದರು ಅವ್ವನಿಗೆ. "ಸ್ಟೇಷನ್ನಿಗೆ ನಾ ಬರ್ತೀನಿ."

ಬಂದರು. ಪ್ಲಾಟ್‌ಫಾರ್ಮಿನ ನಲ್ಲಿಯ ಹತ್ತಿರ ನಿಂತು, ನೀರು, ದುಡ್ಡು, ಪೊಲೀಸರು ಎಂದು ಇಡೀ ಪಾಠವನ್ನು ಮತ್ತೊಮ್ಮೆ ಒಪ್ಪಿಸಿ, ವಿಮಾನ ಹಿಡಿಯಲು ಹೊರಟ ನನ್ನನ್ನು ರೈಲು ಹತ್ತಿಸಿದರು. ಸಿಂಗಾಪುರದಲ್ಲಿ ನನಗೆ ಹೊಟ್ಟೆನೋವೂ ಬರಲಿಲ್ಲ, ಯಾರೂ ಮೋಸವನ್ನೂ ಮಾಡಲಿಲ್ಲ. ಮಾವನ ಒಂದು ಸಲಹೆಯೂ ಕೆಲಸಕ್ಕೆ ಬರಲಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತೇನೆ!

ತಿರುಗಿ ಬಂದ ದಿನ ನಮ್ಮ ರೈಲು ಬೇರೆ ಪ್ಲಾಟ್‌ಫಾರ್ಮಿಗೆ ಬಂತು. ಇಳಿದ ಎಲ್ಲರನ್ನೂ ಕರೆದೊಯ್ಯಲು ಅವರವರ ಮನೆಯವರು ಅಲ್ಲಿಗೇ ಬಂದಿದ್ದರು. ಮಾವನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡುತ್ತಲೇ ಚೀಲ ಹೊತ್ತು ಮೇಲ್ಸೇತುವೆ ಹತ್ತಿ ಇಳಿದೆ.

ನಲ್ಲಿಯ ಹತ್ತಿರ ನಿಂತಿದ್ದರು. ಎದೆ ಗುಂಯ್‌ಗುಡುತ್ತಿತ್ತು.

"ಎತ್ತಬಾರದೇನು ಮಾವ?"

"ಎತ್ತಿದ್ರ ಏನು ಕೇಳ್ತಿದ್ದಿ?"

"ಎಲ್ಲಿ ಅದೀರಿ ಅಂತ."

"ಬಿಟ್ಟಲ್ಲೇ ಅದೀನಿ. ಮತ್ತೆಲ್ಲಿರ್ಲಿ?"

ಒಂದು ಕೈಯಲ್ಲಿ ಚೀಲ ಕಸಿದುಕೊಂಡರು, ಇನ್ನೊಂದರಲ್ಲಿ ನನ್ನ ಮಣಿಕಟ್ಟು ಹಿಡಿದರು. ಹೊರಗೆ ಬಂದು ಆಟೋ ಹತ್ತುವವರೆಗೂ ಬಿಡಲಿಲ್ಲ. ದಾರಿಯಲ್ಲಿ ನನ್ನ ಕ್ಲಾಸಿನ ಹುಡುಗರು ಎದುರಾಗಿ, ಮೇಡಂ ಸಣ್ಣ ಹುಡುಗಿಯ ಹಾಗೆ ಕೈ ಹಿಡಿಸಿಕೊಂಡು ಹೋಗುವುದನ್ನು ಬಾಯಿಬಿಟ್ಟು ನೋಡಿದರು.

ನೋಡಲಿ!