ನೂರಕ್ಕೊಂದು ಕೊಸರು

ನನ್ನ ಬದುಕಿನ ದೊಡ್ಡ ಸುದ್ದಿಗಳೆಲ್ಲ ನನ್ನ ಕೈ ಹಿಟ್ಟಾಗಿರುವಾಗಲೇ ಬರುತ್ತವೆ. ಇದಕ್ಕೆ ದೇವರನ್ನು ದೂರುವಂತಿಲ್ಲ. ಮೇ ತಿಂಗಳಲ್ಲಿ ನಮ್ಮ ಹೊಳನಗದ್ದೆಯಲ್ಲಿ ಕೈ ಹಿಟ್ಟಾಗಿರದ ಹೆಂಗಸನ್ನು ಹುಡುಕುವುದು ಅವನಿಗೂ ಕಷ್ಟ. ಈ ಸಲವೂ ಹಾಗೇ ಆಯಿತು. ಅಂಗಳದಲ್ಲಿ ಚಾಪೆ ಹಾಸಿಕೊಂಡು ಹಲಸಿನಕಾಯಿ ಹಪ್ಪಳ ಒತ್ತುತ್ತಿದ್ದೆ. ಒಂದು ಉಂಡೆ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಯ ಮೇಲೆ, ಇನ್ನೊಂದು ಕೈಯಲ್ಲಿ. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಕಿರುಬೆರಳಿನಲ್ಲಿ ಒತ್ತಿ ನೋಡಿದರೆ, ಮಗಳು ಭಾರ್ಗವಿ ಬರೆದಿದ್ದ ಗಣಿತ ಪರೀಕ್ಷೆಯ ಫಲಿತಾಂಶ. ಹನ್ನೊಂದು ವರ್ಷದ ಹುಡುಗಿಗೆ ಎರಡನೇ ತರಗತಿಯ ಪುಸ್ತಕದಿಂದ ಶುರುಮಾಡಿಸಿ ಎಂದು ಪರೀಕ್ಷೆಯವರು ಬರೆದಿದ್ದರು. ಹಾಳೆಯಿಂದ ಬಿಡಿಸುತ್ತಿದ್ದ ಹಪ್ಪಳ ಕೈಯಲ್ಲೇ ಹರಿಯಿತು.

ಭಾರ್ಗವಿ ಎರಡು ವರ್ಷದ ಹಿಂದೆ ಜ್ವರ ಬಂದು ಮೂರು ತಿಂಗಳು ಮಲಗಿದ್ದಳು. ಎದ್ದಳು, ಅದು ದೇವರ ದಯೆ. ಗಂಜಿ ಬೇಡ ಎಂದು ಜಗಳ ಮಾಡಿದಳು, ಅದು ಅದಕ್ಕಿಂತ ದೊಡ್ಡ ದಯೆ. ಆದರೆ ಎದ್ದಮೇಲೆ ಕಲಿತ ಲೆಕ್ಕ ತಲೆಯಲ್ಲಿ ನಿಲ್ಲಲಿಲ್ಲ. ಸಂಜೆ ಕಲಿತ ಭಾಗಾಕಾರ ಬೆಳಿಗ್ಗೆಯೊಳಗೆ ಯಾರ ಮನೆಗೋ ಹೋಗಿರುತ್ತಿತ್ತು. ಶಾಲೆಯ ದೊಡ್ಡ ಟೀಚರು ಒಳ್ಳೆಯವರು. "ಒಂದು ವರ್ಷ ಮನೆಯಲ್ಲೇ ಕಲಿಸಿ. ಐದನೆಯದರ ಗಣಿತ ಬಂದರೆ ಬರುವ ಜೂನ್‌ನಲ್ಲಿ ಗೆಳತಿಯರ ಜೊತೆಗೇ ಆರಕ್ಕೆ ಕೂರಿಸಿಕೊಳ್ಳುತ್ತೇನೆ" ಎಂದರು. ಅಂದಿನಿಂದ ನನಗೆ ಬೇರೆ ಆಸೆಯೇ ಉಳಿಯಲಿಲ್ಲ. ಶಾಲೆಯ ದಿನಗಳಲ್ಲಿ ಎಂಟೂಮುಕ್ಕಾಲಿಗೆ ಮಕ್ಕಳ ಆಟೊ ನಮ್ಮ ಮನೆಯ ಮುಂದೆ ಹಾದುಹೋಗುತ್ತದೆ. ಭಾರ್ಗವಿಯ ಗೆಳತಿ ಸ್ನೇಹಾ ಒಳಗಿಂದ ಕೈ ಬೀಸುತ್ತಾಳೆ. ನನ್ನ ಮಗಳೂ ಬೀಸುತ್ತಾಳೆ, ಹೊರಗಿಂದ. ಆಮೇಲೆ ಅವಳು ಒಳಗೆ ಹೋಗುತ್ತಾಳೆ. ಆಟೊದ ಸದ್ದು ಪೂರ್ತಿ ನಿಲ್ಲುವವರೆಗೂ ಗೇಟು ಹಿಡಿದು ನಿಂತಿರುವವಳು ನಾನು.

ಹೀಗೆ ಗಣಿತದ ಪುಸ್ತಕದ ಹುಡುಕಾಟ ಶುರುವಾಯಿತು. "ನನಗೆ ಗಂಡು ನೋಡುವಾಗಲೂ ತವರಿನವರು ಇಷ್ಟು ವಿಚಾರಿಸಿರಲಿಲ್ಲ" ಎಂದು ಗಂಡನ ಹತ್ತಿರ ಹೇಳಿದೆ. "ವಿಚಾರ್ಸಿದ್ದಿದ್ರೆ ನಿನ್ನ ನಂಗೆ ಕೊಡ್ತಿದ್ವೇ ಇಲ್ಲೆ" ಎಂದು ಅವರು ಪೇಪರಿನಿಂದ ತಲೆ ಎತ್ತದೆ ಹೇಳಿದರು.

ದಾರಿ ತೋರಿಸಿದವಳು ಭಟ್ಕಳದ ನಸೀಮಾ. ಮಕ್ಕಳಿಗೆ ಮನೆಯಲ್ಲೇ ಕಲಿಸುವ ತಾಯಂದಿರ ಫೋನಿನ ಗುಂಪಿನಲ್ಲಿ ಪರಿಚಯವಾದವಳು, ಮೂರು ಮಕ್ಕಳಿಗೆ ತಾನೇ ಪಾಠ ಹೇಳುತ್ತಾಳೆ. ಒಂದು ದಿನ ಬಸ್ಸು ಹತ್ತಿ ಎರಡು ಬಗೆಯ ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಮೊದಲನೆಯದು ಹಿಡಿದದ್ದನ್ನು ಬಿಡದ ಜಾತಿ. ಭಿನ್ನರಾಶಿ ಎಂದರೆ ಎರಡು ತಿಂಗಳು ಭಿನ್ನರಾಶಿಯೇ. ಮುಗಿದಮೇಲೆ ಅದರ ಸುದ್ದಿಯೇ ಇಲ್ಲ. ಎರಡನೆಯದರಲ್ಲಿ ದಿನಕ್ಕೆ ಹೊಸದು ಒಂದು ಚಿಟಿಕೆ, ಹಳೆಯದು ಒಂದು ಸೇರು. ನಿನ್ನೆಯದು, ಮೊನ್ನೆಯದು, ದೀಪಾವಳಿಯ ಕಾಲದ್ದು, ಎಲ್ಲ ತಿರುಗಿ ತಿರುಗಿ ಬರುತ್ತದೆ.

"ನಿಮ್ಮ ಹುಡುಗಿಗೆ ಈ ತಿರುಗಿ ಬರೋದೇ ಆಗ್ಬೇಕು, ವೀಣಕ್ಕಾ" ಎಂದಳು ನಸೀಮಾ.

ನಾನು ಕೇಳಲಿಲ್ಲ. ನನಗೆ ಜೂನ್‌ನ ಅವಸರ. ತಿರುಗುತ್ತ ಕೂತರೆ ಮುಂದೆ ಹೋಗುವುದು ಯಾವಾಗ? ಮೊದಲನೆಯದನ್ನೇ ಹಿಡಿದೆ. ಸಂಕ್ರಾಂತಿಯ ಹೊತ್ತಿಗೆ ಭಿನ್ನರಾಶಿ ಬಂತು, ವ್ಯವಕಲನ ಹೋಯಿತು. ಗಾಬರಿಯಾಗಿ ಬೆಳಿಗ್ಗೆ ಒಂದು ಪುಸ್ತಕ, ಮಧ್ಯಾಹ್ನ ಇನ್ನೊಂದು ಮಾಡಿದೆ. ನಸೀಮಾ ಫೋನಿನಲ್ಲೇ ಬೈದಳು: "ಅರೇ, ಅಲ್ಲಾಹ್ ಆ ಮಗುವಿಗೆ ಕೊಟ್ಟದ್ದು ಒಂದೇ ತಲೆ. ಅದ್ರ ಮೇಲೆ ಎರಡೆರಡು ಪುಸ್ತಕ ಯಾಕೆ ಹೇರ್ತೀರಿ? ಎರಡನೇ ಪುಸ್ತಕದವರ ಹತ್ರ ಪರೀಕ್ಷೆ ಉಂಟು. ಎಲ್ಲಿಂದ ಶುರು ಮಾಡ್ಬೇಕು ಅಂತ ಅವ್ರೇ ಹೇಳ್ತಾರೆ."

ಮನೆಯಲ್ಲೇ ಬರೆಯುವ ಆ ಪರೀಕ್ಷೆಗೆ ತಾಯಿ ಸಹಾಯ ಮಾಡಬಾರದು ಎಂದು ನಿಯಮ. ನಾನು ದೇವರ ಕೋಣೆಯಲ್ಲಿ ಕೂತೆ. ಇಣುಕಲಿಲ್ಲ ಎಂದರೆ ಆ ದೇವರ ಮುಂದೆಯೇ ಸುಳ್ಳಾಗುತ್ತದೆ. ಇಣುಕಿದೆ, ಕನ್ನಡಕ ಇರಲಿಲ್ಲ.

ಅದರ ಫಲವೇ ಈ ಎರಡನೇ ತರಗತಿ. ಕೈ ತೊಳೆದುಕೊಂಡು ಅವರು ತಿದ್ದಿ ಕಳಿಸಿದ ಉತ್ತರಗಳನ್ನು ತೆಗೆದು ನೋಡಿದೆ. ನೂರು ಪೆನ್ಸಿಲಿನ ಕಟ್ಟು ಮೂರಿದ್ದರೆ ಒಟ್ಟು ಎಷ್ಟು? ಮುನ್ನೂರ ಮೂರು. ಐದು ಡಬ್ಬಿಯಲ್ಲಿ ನೂರು ನೂರು ಲಾಡು? ಐನೂರ ಐದು. ಇನ್ನೂರು ಮಣಿಯಲ್ಲಿ ಐವತ್ತು ಕೊಟ್ಟರೆ ಉಳಿದದ್ದು ನೂರ ಐವತ್ತೆರಡು. ಪುಟದ ತುಂಬ ಕೆಂಪು ಗೀಟು.

"ಇದೆಂತದೇ ಭಾರ್ಗವಿ?" ಎಂದೆ. ದನಿ ಜೋರಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

"ಕೊಸರು, ಆಯಿ" ಎಂದಳು. ಇಷ್ಟೂ ಗೊತ್ತಿಲ್ಲವೇ ಎಂಬ ಮುಖ.

ಜಗುಲಿಯಲ್ಲಿ ನಮ್ಮ ಅತ್ತೆಯವರು ಒಣಗಿದ ಹಪ್ಪಳ ಎಣಿಸಿ, ತಮ್ಮ ಹೆಣ್ಣುಮಕ್ಕಳ ಮನೆಗೆ ಕಳಿಸಲು ನೂರು ನೂರರ ಕಟ್ಟು ಕಟ್ಟುತ್ತಿದ್ದರು. ಪ್ರತಿ ನೂರಕ್ಕೂ ಮೇಲೊಂದು ಹಪ್ಪಳ ಇಡುತ್ತಾರೆ. ಅದು ಲೆಕ್ಕಕ್ಕಿಲ್ಲದ ಕೊಸರು. ವೀಳ್ಯದೆಲೆಯಾದರೂ ಹಾಗೆಯೇ, ತೆಂಗಿನಕಾಯಿಯಾದರೂ ಹಾಗೆಯೇ. ಜ್ವರ ಬಿಟ್ಟಾಗಿನಿಂದ ಭಾರ್ಗವಿ ದಿನಾ ಅವರ ಪಕ್ಕದಲ್ಲಿ ಕೂತು ಎಣಿಸುತ್ತಾಳೆ.

"ಕೂಸು ಬರ್ದಿದ್ದು ಸರಿಯಾಗೇ ಇದ್ದಲೇ" ಎಂದರು ಅತ್ತೆ. "ಬರಿ ನೂರು ಕೊಟ್ರೆ ಮನೆ ಮರ್ಯಾದೆ ಎಂತ ಆಗವು? ಪರೀಕ್ಷೆ ಮಾಡಿದವ್ಕೆ ಅಷ್ಟೂ ಗೊತ್ತಿಲ್ಲೆ. ಅವ್ರನ್ನೇ ಎರಡನೇ ಕ್ಲಾಸಿಗೆ ಕೂರ್ಸು."

ನನಗೆ ನಗು ಬಂತು. ನಾನು ಹಟ ಹಿಡಿದು ಕಲಿಸಿದ್ದು ಒಂದು ರಾತ್ರಿ ನಿಲ್ಲಲಿಲ್ಲ. ಅತ್ತೆ ಕಲಿಸಲೇ ಇಲ್ಲ, ಅವರ ಕೊಸರು ನಿಂತಿದೆ. ಅವರು ಮಾಡಿದ್ದಿಷ್ಟೇ: ಇವತ್ತೂ ಎಣಿಸಿದರು, ನಾಳೆಯೂ ಅದನ್ನೇ ಎಣಿಸಿದರು. ನನಗೆ ಮೊದಲೇ ಹೊಳೆಯಬೇಕಿತ್ತು. ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಅದೇ ದೇವರ ಮುಂದೆ ಅದೇ ಸ್ತೋತ್ರ ಹೇಳುತ್ತೇನೆ. "ಇದು ನಿನ್ನೆಯೇ ಆಯಿತಲ್ಲ, ಮುಂದಿನ ಪಾಠ ಹೇಳು" ಎಂದು ಅವನು ಒಮ್ಮೆಯೂ ಅವಸರ ಮಾಡಿಲ್ಲ. ತಿರುಗಿ ತಿರುಗಿ ಬರುವ ಪುಸ್ತಕವೇ ಸಾಕೆಂದು ಅಂದೇ ತೀರ್ಮಾನಿಸಿದೆ. ಇನ್ನೊಂದನ್ನು ನಸೀಮಾಗೆ ಹಿಂದಿರುಗಿಸಲು ಎತ್ತಿಟ್ಟೆ.

ಪರೀಕ್ಷೆಯವರಿಗೆ ಫೋನು ಮಾಡಿ ಕೊಸರಿನ ಕತೆ ಹೇಳಿದೆ. ಆ ಕಡೆಯ ಹೆಂಗಸು ತುಂಬ ಹೊತ್ತು ನಕ್ಕು, ಇನ್ನೊಮ್ಮೆ ಬರೆಸಿ ಎಂದಳು. ಪುಸ್ತಕದ ನೂರಕ್ಕೆ ಕೊಸರಿಲ್ಲ ಎಂದು ಭಾರ್ಗವಿಗೆ ತಿಳಿಸಿದೆ. "ಪಾಪ, ಅವ್ರಿಗೆ ಅಷ್ಟು ಬಡತನವಾ ಆಯಿ?" ಎಂದಳು. ಆದರೂ ಅವರ ಬಡತನಕ್ಕೆ ತಕ್ಕಂತೆಯೇ ಬರೆದಳು. ಮೂರನೆಯ ದಿನ ಉತ್ತರ ಬಂತು: ನಾಲ್ಕನೇ ತರಗತಿ. ಎರಡು ತರಗತಿ ಒಮ್ಮೆಗೇ ಏರಿಸಿದ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಹಚ್ಚುವಾಗಲೇ ಗೊತ್ತಿತ್ತು, ಟೀಚರು ಕೇಳಿದ್ದು ಐದನೆಯದು. ಈ ಜೂನ್ ತಪ್ಪಿತು.

ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಅವಳು ಅಂಗಳ ನೋಡುತ್ತ ಕೂತಳು.

"ನಾನು ಆರಕ್ಕೆ ಹೋಪಷ್ಟೊತ್ತಿಗೆ ಸ್ನೇಹಾ ಏಳಕ್ಕೆ ಹೋಗಿರ್ತು ಅಲ್ದಾ?"

"ಹೌದು ಕೂಸೇ."

"ಆತು" ಎಂದಳು.

ಅಷ್ಟೇ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅದಕ್ಕೆ ಬೇಕಾದ ಮಾತೆಲ್ಲ ಸಿದ್ಧ ಮಾಡಿಕೊಂಡಿದ್ದೆ. ಪುಸ್ತಕ ಬಿಡಿಸಿ, ಅವತ್ತಿನ ಹಳೆಯ ಲೆಕ್ಕಗಳಿಗೆ ಕೈ ಹಾಕಿದೆ.

"ಏಳೆಂಟ್ಲೆ ಐವತ್ನಾಲ್ಕು, ಬರ್ಕ."

ಅವಳು ಪೆನ್ಸಿಲು ಎತ್ತಲಿಲ್ಲ. "ಐವತ್ತಾರು ಆಯಿ. ನಿನ್ನೆನೇ ಮಾಡಿದ್ದಲ."

ಬೆರಳು ಮಡಚಿ ಎಣಿಸಿ ನೋಡಿದೆ. ಐವತ್ತಾರೇ. ನಿನ್ನೆಯದು ಅವಳಿಗೆ ನೆನಪಿತ್ತು, ನನಗಿರಲಿಲ್ಲ.

"ನೀನೂ ದಿನಾ ನನ್ನ ಜೊತೆ ಕೂತ್ಕಂಡು ಬರಿ" ಎಂದಳು, ನನ್ನ ತೊಡೆಯ ಮೇಲೆ ಕೈಯಿಟ್ಟು. "ನಿಂಗೆ ನಿಧಾನಕ್ಕೆ ಬತ್ತು."

ಹ್ಞೂಂ ಎಂದು ಎದ್ದು, ಪೆಟ್ಟಿಗೆಯಿಂದ ಅವಳ ಯೂನಿಫಾರ್ಮಿನ ಲಂಗ ತೆಗೆದೆ. ಇನ್ನೊಂದು ವರ್ಷಕ್ಕೆ ಅಂಚು ಎಷ್ಟು ಇಳಿಸಬೇಕಾದೀತು ಎಂದು ಮನಸ್ಸಿನಲ್ಲೇ ಕೂಡಿಸತೊಡಗಿ, ಅರ್ಧಕ್ಕೆ ಬಿಟ್ಟೆ. ಅವಳನ್ನೇ ಕರೆದು ಅಳತೆಯ ಟೇಪು ಕೈಗೆ ಕೊಟ್ಟು, ನಾನು ಹೊಲಿಗೆ ಬಿಚ್ಚಲು ಕೂತೆ.